ಚಟ್ನಿಗೆ ಸಿಕ್ಕಿದ ಸೀಟು

ನಿನ್ನೆ ನವಿ ಮುಂಬಯಿಯ ಶಾಲೆಯೊಂದರ ಗೇಟಿನಲ್ಲಿ ‘ಮೆರಿಟ್ ಇದ್ದವರಿಗೆ ಮಾತ್ರ ಅಡ್ಮಿಶನ್’ ಎಂಬ ಬ್ಯಾನರು ಕಂಡಿತು. ನನ್ನ ಮೂಗಿಗೆ ತೆಂಗಿನಕಾಯಿ ಚಟ್ನಿಯ ವಾಸನೆ ಬಡಿಯಿತು.

ನನ್ನ ಬಾಲ್ಯದಲ್ಲಿ ಡೊಂಬಿವಲಿಯ ನಮ್ಮ ಕನ್ನಡ ಶಾಲೆ ಏಳನೆಯ ತರಗತಿಗೇ ಮುಗಿಯುತ್ತಿತ್ತು. ಎಂಟನೆಯದಕ್ಕೆ ಅಪ್ಪ ನನ್ನನ್ನು ಇಂಗ್ಲಿಷ್ ಹೈಸ್ಕೂಲಿಗೆ ಕರೆದೊಯ್ದರು. ಸಾಲಿನಲ್ಲಿ ನಮ್ಮ ಮುಂದೆ ಗೆಳತಿ ಶಾಂತಾ ತನ್ನ ಅಪ್ಪನೊಂದಿಗೆ ನಿಂತಿದ್ದಳು, ಕ್ಲಾಸಿಗೇ ಫಸ್ಟ್ ಬರುವವಳು. ಅವಳಪ್ಪ ಕಲಬುರಗಿಯಿಂದ ಬಂದ ಹಮಾಲರು. ಹೆಡ್‌ಮಾಸ್ತರ ತಲೆಯನ್ನೂ ಎತ್ತದೆ ಗೊಣಗಿದ: “ಸೀಟ್ ಫುಲ್. ಮರಾಠಿ ಸ್ಕೂಲ್ ದೇಖೋ.”

ನಮ್ಮ ಸರದಿ ಬಂದಾಗ ನನ್ನನ್ನು ಏನೂ ಕೇಳಲಿಲ್ಲ. ಅಪ್ಪನದು ಹೋಟೆಲು ಎಂದು ತಿಳಿದದ್ದೇ ತಡ, ಆಸಾಮಿಯ ಮುಖ ಅರಳಿತು. “ಗ್ಯಾದರಿಂಗ್‌ಗೆ ಇಡ್ಲಿ-ಚಟ್ನಿ ಭೇಜೋಗೆ ನಾ?”

ಶಾಲೆಯ ವಾರ್ಷಿಕೋತ್ಸವಕ್ಕೆ ಕಳಿಸುತ್ತೇನೆಂದು ಅಪ್ಪ ತಲೆಯಾಡಿಸಿದರು. ಫುಲ್ ಆಗಿದ್ದ ಶಾಲೆಯಲ್ಲಿ ನನಗೊಂದು ಸೀಟು ಹುಟ್ಟಿತು.

ಹೊರಗೆ ಶಾಂತಾಳ ಅಪ್ಪ ಕೇಳಿದರು: “ಶೆಟ್ರ, ನಿಮಗ ಸೀಟ್ ಎಲ್ಲಿಂದ ಬಂತ್ರಿ?”

“ಎಲ್ಲ ದೇವರ ದಯೆ ಮಾರಾಯ್ರೆ,” ಎಂದರು ಅಪ್ಪ.

ಆ ದೇವರು ಪ್ರತಿ ವರ್ಷದ ಗ್ಯಾದರಿಂಗಿನಲ್ಲೂ ನಮ್ಮ ಇಡ್ಲಿ ಮೆದ್ದು, ಮೀಸೆಯಲ್ಲಿ ಚಟ್ನಿ ಇಟ್ಟುಕೊಂಡೇ ಮೈಕಿನೆದುರು ಮೆರಿಟ್ಟಿನ ಭಾಷಣ ಬಿಗಿಯುತ್ತಿದ್ದ. ಮುಂದಿನ ಸಾಲಿನಿಂದ ಅಪ್ಪ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು.

ನಿನ್ನೆ ಆ ಬ್ಯಾನರಿನ ಕೆಳಗೆ ಗುಮಾಸ್ತನೊಬ್ಬ ಸಾಲಿನಲ್ಲಿದ್ದ ತಂದೆಯರನ್ನು ವಿಚಾರಿಸುತ್ತಿದ್ದ: “ಆಪ್‌ಕಾ ಬಿಸ್ನೆಸ್ ಕ್ಯಾ ಹೈ?”