ಉಬ್ಬಸ ತರದ ಹೂವು

ಚೈತ್ರಶ್ರೀಯ ಮದುವೆಗೆ ಹಾರ ಬಂದದ್ದು ಹಾವೇರಿಯಿಂದ, ಪೂರ್ತಿ ಏಲಕ್ಕಿಯದು. ನೆಂಟರೆಲ್ಲ ಅದನ್ನು ಶ್ರೀಮಂತಿಕೆ ಎಂದುಕೊಂಡರು. ನಿಜ ಸಂಗತಿ ಬೇರೆ. ಹೂವು ಹತ್ತಿರ ಬಂದರೆ ಆಕೆಗೆ ಉಬ್ಬಸ. ಮಲ್ಲಿಗೆಯಾಗಲಿ, ಸೇವಂತಿಗೆಯಾಗಲಿ, ಮೊದಲು ಸೀನು, ಆಮೇಲೆ ಎದೆಯೊಳಗೆ ಸುಂಯ್ ಸುಂಯ್ ಸದ್ದು. ಶಿಕಾರಿಪುರದ ಗಂಡನ ಮನೆಯಲ್ಲಿ ಹೂ ಮುಡಿಯದೆ ಓಡಾಡುವ ಸೊಸೆಯನ್ನು ಕಂಡು ಓಣಿಯ ಹೆಂಗಸರು ಮುಖ ಮುಖ ನೋಡಿಕೊಂಡರು. ಅತ್ತೆ ರಾಜೇಶ್ವರಮ್ಮ ಮಾತ್ರ ಪೂಜೆಗೆ ಪತ್ರೆ ಸಾಕೆಂದು ಹೂ ಮಾರುವವಳನ್ನು ಬಾಗಿಲಿನಿಂದಲೇ ಕಳಿಸಿಬಿಟ್ಟರು.

ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಊಟಿಗೆ ಹೋದಾಗ ದಾರಿಯಲ್ಲಿ ಮಳೆ ಹಿಡಿಯಿತು. ಎಲ್ಲರೂ ಓಡಿಹೋಗಿ ನಿಂತದ್ದು ಒಂದು ನರ್ಸರಿಯ ಗಾಜಿನ ಮನೆಯೊಳಗೆ. ಅಲ್ಲಿ ಎತ್ತ ನೋಡಿದರೂ ಹೂವು. ಚೈತ್ರಶ್ರೀ ಸೆರಗನ್ನು ಮೂಗಿಗೆ ಒತ್ತಿಕೊಂಡು ಬಾಗಿಲ ಹತ್ತಿರವೇ ನಿಂತಳು. ಮಳೆ ನಿಲ್ಲಲಿಲ್ಲ. ಕೈಸೋತು ಸೆರಗು ಇಳಿಯಿತು. ಸೀನು ಬರಲಿಲ್ಲ.

"ಇದು ಗಡ್ಡೆ ಬಿಗೋನಿಯಾ, ಅಮ್ಮಾ," ಎಂದ ಮಾಲಿ. "ಘಮ ಇಲ್ಲ. ಇಷ್ಟು ಎಸಳು ತುಂಬಿದ ಹೂವಲ್ಲಿ ಪರಾಗದ ಪುಡಿಯೂ ಇರೋದಿಲ್ಲ."

ಬರುವಾಗ ಆಕೆಯ ಮಡಿಲಲ್ಲಿ ಗಡ್ಡೆಗಳ ಪೊಟ್ಟಣವಿತ್ತು, ಚೀಲದಲ್ಲಿ ಮಾಲಿಯ ಫೋನ್ ನಂಬರು.

ಗಂಡ ಮಲ್ಲಿಕಾರ್ಜುನ್‌ಗೆ ಪೈಪು, ಸ್ಪ್ರಿಂಕ್ಲರ್‌ಗಳ ಅಂಗಡಿ. ಹಿತ್ತಲಲ್ಲಿ ಹಸಿರು ಬಲೆ ಕಟ್ಟಿ, ಮಂಜಿನಂತೆ ನೀರು ಚಿಮ್ಮುವ ನಳಿಕೆ ಕೂರಿಸಿ ಹಸಿರುಮನೆ ಮಾಡಿಕೊಟ್ಟ. ಹಗಲು ಚಿಕ್ಕದಾದರೆ ಗಿಡ ನಿದ್ದೆಗೆ ಜಾರುತ್ತದೆಂದು ಮಾಲಿ ಹೇಳಿದ್ದರಿಂದ ಸಂಜೆ ಉರಿಸಲು ಬಲ್ಬೂ ಹಾಕಿದ. ಮೊದಲ ವರ್ಷ ಪ್ರೀತಿ ಹೆಚ್ಚಾಗಿ ನೀರು ಹೆಚ್ಚಾಯಿತು, ಗಡ್ಡೆಗಳೆಲ್ಲ ಕೊಳೆತವು. ಮರುವರ್ಷ ಮಾಲಿಯಿಂದ ತರಿಸಿದ ಹೊಸ ಗಡ್ಡೆಗಳು ಹೂ ಬಿಟ್ಟವು, ಆದರೆ ಅಂಗಿಯ ಗುಂಡಿಯಷ್ಟು ಚಿಕ್ಕವು. ದೊಡ್ಡ ಹೂ ಬೇಕಿದ್ದರೆ ಒಂದೇ ಕಾಂಡ ಉಳಿಸಿ, ನಡುವಿನ ಮೊಗ್ಗು ಬಿಟ್ಟು ಅಕ್ಕಪಕ್ಕದವನ್ನು ಚಿವುಟಬೇಕೆಂದು ಮಾಲಿ ಫೋನಿನಲ್ಲಿ ತಿಳಿಸಿದ.

ಮೂರನೆಯ ವರ್ಷ ಆಕೆ ಮೊಗ್ಗು ಚಿವುಟುವುದನ್ನು ಕಂಡು ರಾಜೇಶ್ವರಮ್ಮನಿಗೆ ಜೀವ ತಡೆಯಲಿಲ್ಲ.

"ಅಲ್ಲವ್ವಾ, ಕಣ್ಣು ಬಿಡೋ ಮೊದ್ಲೇ ಕೀಳ್ತೀಯಲ್ಲ!"

"ಎಲ್ಲಾ ಬಿಟ್ರೆ ಒಂದೂ ತುಂಬಿ ಬರಾಂಗಿಲ್ಲ ಅತ್ತೀ."

ನಡುವಿನ ಮೊಗ್ಗುಗಳು ನಿಂಬೆಕಾಯಿ ಗಾತ್ರಕ್ಕೆ ಊದಿದವು. ಅಷ್ಟರಲ್ಲಿ ಎಲೆಗಳ ಮೇಲೆ ಬಿಳಿ ಬೂದಿರೋಗ ಕಾಣಿಸಿಕೊಂಡಿತು. ಚೈತ್ರಶ್ರೀ ಗಾಬರಿಬಿದ್ದು, ಗಂಧಕದ ಪುಡಿ ತರಿಸಿ ತಾನೇ ಎರಚಿದಳು. ಮಾರನೆಯ ಬೆಳಿಗ್ಗೆ ಎದೆ ಕಟ್ಟಿತು. ಮಾತಾಡಲೂ ಉಸಿರು ಸಾಲದು. ಇಷ್ಟು ವರ್ಷ ಕಾದು ಸಿಕ್ಕಿದ ಒಂದೇ ಹೂವು, ಅದೂ ಆಗಿಬರಲಿಲ್ಲವೇ? ಡಾಕ್ಟರ ಬಳಿ ಹೋಗುವಾಗ ಕಾರಿನಲ್ಲಿ ಆಕೆ ಉಬ್ಬಸಕ್ಕಿಂತ ಆ ಯೋಚನೆಗೇ ಹೆಚ್ಚು ಅತ್ತಳು.

"ನೀ ಮನೆಗೆ ಬರೋದ್ರೊಳಗೆ ಗಿಡ ಎಲ್ಲಾ ಕಿತ್ತು ಹಾಕಿಸ್ತೀನಿ," ಎಂದ ಮಲ್ಲಿಕಾರ್ಜುನ್.

ಡಾಕ್ಟರು ಮೂಗಿಗೆ ಮಾಸ್ಕ್ ಕಟ್ಟಿ ಔಷಧಿಯ ಹಬೆ ಕೊಟ್ಟರು. ಉಬ್ಬಸ ಇಳಿದ ಮೇಲೆ, "ನಿನ್ನೆ ಏನು ಮಾಡಿದ್ರಿ?" ಎಂದು ಕೇಳಿದರು. ಗಂಧಕದ ಮಾತು ಬಂದದ್ದೇ ತಲೆ ಆಡಿಸಿದರು.

"ಅದರ ಧೂಳು ಒಳಗೆ ಹೋಗಿರೋದು. ಹೂವಿನದೇನೂ ತಪ್ಪಿಲ್ಲ ಅನ್ಸುತ್ತೆ. ಕೆಲ ದಿನ ಆ ಕಡೆ ಹೋಗ್ಬೇಡಿ, ಆಮೇಲೆ ನೋಡೋಣ."

ಮಲ್ಲಿಕಾರ್ಜುನ್ ಗಿಡ ಕೀಳಿಸಲಿಲ್ಲ. ಬೂದಿ ಹತ್ತಿದ ಎಲೆಗಳನ್ನು ತೆಗೆದು, ಪಕ್ಕದ ಬಲೆ ಎತ್ತಿ ಗಾಳಿ ಆಡಲು ಬಿಟ್ಟ. ಡಾಕ್ಟರು ಸರಿಯೆಂದ ದಿನ ಚೈತ್ರಶ್ರೀ ಒಳಗೆ ಹೋದಳು. ಹಿಂದೆಯೇ ರಾಜೇಶ್ವರಮ್ಮ.

ಕೆನೆಬಣ್ಣದ ಹೂವೊಂದು ಊಟದ ತಟ್ಟೆಯಷ್ಟಗಲ ಅರಳಿ, ಭಾರಕ್ಕೆ ಆಸರೆಕೋಲಿನ ಮೇಲೆ ಒರಗಿತ್ತು. ಚೈತ್ರಶ್ರೀ ಬಗ್ಗಿ ಎಸಳುಗಳ ನಡುವೆ ಮುಖ ಇಟ್ಟಳು. ತಣ್ಣಗಿತ್ತು. ಉಸಿರೆಳೆದಳು, ಬಿಟ್ಟಳು, ಮತ್ತೆ ಎಳೆದಳು.

"ಹೆಂಗೈತಿ?" ಅತ್ತೆ ಹತ್ತಿರ ಬಂದು ಕೇಳಿದರು.

"ಏನೂ ಆಗ್ಲಿಲ್ಲ ಅತ್ತೀ. ಸಲೀಸಾಗೈತಿ."

ರಾಜೇಶ್ವರಮ್ಮ ಉಸ್ಸೆಂದು ಅಲ್ಲೇ ಕಲ್ಲಿನ ಮೇಲೆ ಕುಳಿತರು. ಆ ಚಳಿಗಾಲ ಮುಗಿಯುವವರೆಗೂ ಅತ್ತೆ ಸೊಸೆಯ ಬೆಳಗಿನ ಚಹಾ ಹಸಿರುಮನೆಯೊಳಗೇ ಆಯಿತು.