ರಾಕೆಟ್ ಬಿಟ್ಟ ಸಂಜೆಯ ಬಣ್ಣ

ಪೆರಿಯನಾಯಕನಪಾಳ್ಯದ ಪಂಪ್ ಕಾರ್ಖಾನೆಯೊಂದರಲ್ಲಿ ಡ್ರಾಯಿಂಗ್ ಮಾಡುವ ಕೆಲಸ ನನ್ನದು. ಬಸ್ಸಿನಲ್ಲಿ ದೂರದ ದಾರಿಯಾದರೂ ಸಿರುಮುಗೈಯಲ್ಲಿ ರೂಮು ಹಿಡಿದಿದ್ದೆ, ಮನೆಯ ಅಜ್ಜಿ ಕನ್ನಡ ಮಾತಾಡುತ್ತಾರೆ ಎಂಬ ಒಂದೇ ಆಸೆಗೆ. ಮಗ್ಗದ ಮನೆ, ಅಜ್ಜಿಯೊಬ್ಬರೇ. ದಿನವಿಡೀ ಹರಕು ತಮಿಳಿನಲ್ಲಿ ತಡವರಿಸಿ ಬಂದವಳಿಗೆ ಅವರು ‘ಉಂಡ್ಯಾ ಕಣ್ಣು?’ ಎಂದರೆ ಅಳುವೇ ಬರುತ್ತಿತ್ತು. ಅಷ್ಟು ಒಂಟಿಯಾಗಿದ್ದೆ. ಊರಿಗೆ ಫೋನ್ ಮಾಡಿದಾಗ ಮಾತ್ರ ‘ಚೆನ್ನಾಗಿದ್ದೀನಮ್ಮ’ ಎನ್ನುತ್ತಿದ್ದೆ.

ಒಂದು ಭಾನುವಾರ ನಾನು ಕನ್ನಡ ವಾರಪತ್ರಿಕೆ ಓದುತ್ತಿದ್ದುದನ್ನು ಕಂಡು ಅಜ್ಜಿ ಸೀರೆಪೆಟ್ಟಿಗೆಯಿಂದ ಮೂರು ಇನ್‌ಲ್ಯಾಂಡ್ ಕಾಗದ ತಂದರು. ಹಿಂದಿನ ವರ್ಷ ತೀರಿಕೊಂಡ ಅವರ ಗಂಡ ಮೈಸೂರು ಕಡೆಯವರು. ಮದುವೆಯಾದ ಹೊಸತರಲ್ಲಿ, ಅರವತ್ತರ ದಶಕದಲ್ಲಿ, ಕೇರಳದ ಕಡಲತೀರದಲ್ಲಿ ಕೆಲಸಕ್ಕಿದ್ದರಂತೆ. ಬಲು ಎತ್ತರದಲ್ಲಿ ಗಾಳಿ ಹೇಗೆ ಬೀಸುತ್ತದೆಂದು ತಿಳಿಯಲು ಸರ್ಕಾರ ಆಗಷ್ಟೇ ಅಲ್ಲಿಂದ ಚಿಕ್ಕ ರಾಕೆಟ್ ಹಾರಿಸತೊಡಗಿತ್ತು. ಮನೆಮಾತು ಕನ್ನಡ ಅಂದಮೇಲೆ ಓದಲೂ ಬರುತ್ತದೆ ಎಂದುಕೊಂಡು ಸಿರುಮುಗೈಯಲ್ಲೇ ಇದ್ದ ಹೆಂಡತಿಗೆ ಕನ್ನಡದಲ್ಲೇ ಬರೆದಿದ್ದರು. ಈ ಬೀದಿಯಲ್ಲಿ ಮಾತಿಗಷ್ಟೇ ಕನ್ನಡ, ಅಕ್ಷರ ಬಲ್ಲವರೇ ಇರಲಿಲ್ಲ. ಓದಲು ಬಾರದು ಎಂದು ಗಂಡನಿಗೆ ಹೇಳಲು ಇವರಿಗೆ ನಾಚಿಕೆ.

‘ಮೂರಕ್ಕೇ ನಿಂತೋಯ್ತು ಕಣ್ಣು. ಯಾಕೆ ನಿಲ್ಸಿದ್ರು ಅಂತ ಸಾಯೋ ತನಕ ಹೇಳ್ಲೇ ಇಲ್ಲ.’

ನನಗೋ, ಯಾರಿಗಾದರೂ ಬೇಕಾದೆನಲ್ಲ ಎಂಬ ಹಿಗ್ಗು. ಕೊನೆಯ ಕಾಗದ ಬಿಡಿಸಿ, ಶಾಲೆಯ ಹುಡುಗಿಯ ಹಾಗೆ ಗಟ್ಟಿಯಾಗಿ ಓದಿದೆ.

‘ಗುರುವಾರ ಹೊತ್ತು ಮುಳುಗುತ್ತಲೇ ಮಾಳಿಗೆ ಹತ್ತಿ ದಕ್ಷಿಣಕ್ಕೆ ನೋಡು. ರಾಕೆಟ್ಟಿನಿಂದ ಕಿತ್ತಳೆ ಬಣ್ಣದ ಹೊಗೆ ಬಿಡುತ್ತೇವೆ. ನಿಮ್ಮೂರಿಗೂ ಕಾಣುತ್ತದಂತೆ. ಇಲ್ಲಿ ನನ್ನವರು ಅಂತ ಯಾರೂ ಇಲ್ಲ. ಆ ಒಂದು ಗಳಿಗೆಯಾದರೂ ಇಬ್ಬರೂ ಒಂದನ್ನೇ ನೋಡೋಣ.’

‘ಕಿತ್ತಳೆ ಅಂದ್ರೆ?’

‘ಆರೆಂಜು ಬಣ್ಣ ಅಜ್ಜಿ.’

ಅಜ್ಜಿ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು, ಹಳೆಯ ಮಡಿಕೆಗಳಲ್ಲೇ ಮೆಲ್ಲಗೆ ಮಡಚಿದರು.

‘ಈ ಕಾಗದ ಬಂದ್ಮೇಲೆ ಲೀವ್‌ನಾಗೆ ಬಂದಾಗ, ರಾಕೆಟ್ ಹೊಗೆ ನೋಡಿದ್ಯಾ ಅಂದ್ರು. ನೋಡ್ದೆ ಅಂದೆ. ಏನು ಬಣ್ಣ ಇತ್ತು ಅಂದ್ರು. ಹೊಗೆ ತಾನೇ, ಬೆಳ್ಳಗಿತ್ತು ಅಂದ್ಬಿಟ್ಟೆ.’

ಅಷ್ಟು ಗಟ್ಟಿಯಾಗಿ ಓದಿದ ನನ್ನ ನಾಲಿಗೆಯ ಮೇಲೆ ನನಗೇ ಸಿಟ್ಟು ಬಂತು. ‘ಅದಕ್ಕೆ ಅವರೇನಂದ್ರು?’ ಎಂದೆ.

‘ಸರಿ ಅಂದ್ರು. ಆಮೇಲೆ ನಲವತ್ತು ವರ್ಸ, ನಾನು ಏನಂದ್ರೂ ಸರಿ ಅಂತಲೇ ಇದ್ರು.’