ಆಳಂದದವರ ಜೊತೆಗಿನ ಆಟ ಮತ್ತು ನನ್ನ ಎರಡು ವಯಸ್ಸು

ಜಿಲ್ಲಾ ಮಟ್ಟದಲ್ಲಿ ಆಡಿದವರಿಗೆ ಒಂದು ಸರ್ಟಿಫಿಕೇಟ್ ಕೊಡುತ್ತಿದ್ದರು. ಅದಿದ್ದರೆ ಗುಲಬರ್ಗಾದ ಕಾಲೇಜಿನಲ್ಲಿ ಆಟಗಾರರಿಗೆಂದು ಇಟ್ಟ ಸೀಟು ಸಿಗುತ್ತದೆ, ಸೀಟಿನ ಜೊತೆಗೆ ಹಾಸ್ಟೆಲ್ಲೂ ಸಿಗುತ್ತದೆ ಎಂದು ನಮ್ಮ ಪಿ.ಟಿ. ಮಾಸ್ತರು ಹೇಳಿದ್ದರು. ಹತ್ತನೇ ಇಯತ್ತೆಯಲ್ಲಿದ್ದ ನನಗೆ ಬೇಕಾಗಿದ್ದದ್ದು ಹಾಸ್ಟೆಲ್ಲು. ನಮ್ಮಪ್ಪನಿಗೆ ಸಹಿ ಮಾಡಲು ಬರುತ್ತಿರಲಿಲ್ಲ. ಅಣ್ಣ ಮೂರನೇ ಇಯತ್ತೆಗೇ ಪಾಟಿ ಮೂಲೆಗಿಟ್ಟಿದ್ದ. ನಾನೂ ನಡುವೆ ಎರಡು ವರ್ಷ ಶಾಲೆ ಬಿಟ್ಟು ನಿಂಬರ್ಗಾ ಕಡೆಯ ತೊಗರಿ ಹೊಲಗಳಲ್ಲಿ ಕೂಲಿ ಮಾಡಿ, ಮತ್ತೆ ಮರಳಿ ಬಂದವನು. ಪಟ್ಟಣದಲ್ಲಿ ಮಲಗಲು ಜಾಗ, ಎರಡು ಹೊತ್ತಿನ ಊಟ ಸಿಕ್ಕರೆ ಓದು ಮುಂದುವರಿಯುತ್ತಿತ್ತು. ಇಲ್ಲವಾದರೆ ಮತ್ತೆ ಅದೇ ಹೊಲ. ಇದರಲ್ಲಿ ಒಗಟೇನೂ ಇರಲಿಲ್ಲ.

ನಮ್ಮ ಕಡೆ ಕಬಡ್ಡಿ, ಖೊಖೊ ಆಡುವವರು ಬೇಕಾದಷ್ಟು ಮಂದಿ. ಫುಟ್‌ಬಾಲ್ ಆಡುವವರು ಕಡಿಮೆ. ನಮ್ಮ ಪಿ.ಟಿ. ಮಾಸ್ತರು ಬೆಳಗಾವಿ ಕಡೆಯವರಾದ್ದರಿಂದ ನಮಗೆ ಆ ಆಟ ಬಂತು. ಶಾಲೆಯ ಹಿಂದಿನ ಕರಿ ಮಣ್ಣಿನ ಬಯಲಿನಲ್ಲಿ ಎರಡೆರಡು ಜಾಲಿ ಕಂಬ ನೆಟ್ಟು, ಮೇಲೆ ಅಡ್ಡಕ್ಕೆ ಹಗ್ಗ ಕಟ್ಟಿ ಗೋಲು ಮಾಡಿದ್ದರು. ನಾನು ವಯಸ್ಸಿಗೆ ಮೀರಿ ಎತ್ತರವಿದ್ದೆ, ಕೈಗಳು ಉದ್ದ. ಹೀಗಾಗಿ ಗೋಲು ಕಾಯಲು ನನ್ನನ್ನೇ ನಿಲ್ಲಿಸಿದರು.

ಆ ವರ್ಷ ತಾಲ್ಲೂಕಿನಲ್ಲಿ ಫುಟ್‌ಬಾಲ್ ತಂಡ ಕಳಿಸಿದ ಶಾಲೆಗಳು ಮೂರೇ: ನಮ್ಮದು, ಆಳಂದದ್ದು, ಇನ್ನೊಂದು. ಮೂರನೆಯ ಶಾಲೆಯನ್ನು ನಾವೂ ಸೋಲಿಸಿದ್ದೆವು, ಆಳಂದದವರೂ ಸೋಲಿಸಿದ್ದರು. ನಾವು ಹೊಡೆದದ್ದು ಒಂದು ಗೋಲು, ಅವರು ಹೊಡೆದದ್ದು ನಾಲ್ಕು. ಆದ್ದರಿಂದ ಕೊನೆಯ ಆಟ ಸಮವಾದರೆ ಜಿಲ್ಲೆಗೆ ಅವರು. ನಾವು ಗೆಲ್ಲಲೇಬೇಕಿತ್ತು. ಆಳಂದದವರ ಮೇಲೆ ನಮಗೆ ಹಳೆಯ ಸಿಟ್ಟೂ ಇತ್ತು. ಹಿಂದಿನ ವರ್ಷ ಅವರ ಊರಿಗೆ ಹೋದಾಗ ನಾವು ಹೊಡೆದು ಹಗ್ಗದ ಕೆಳಗಿಂದ ಹೋದ ಚೆಂಡನ್ನು ಮೇಲಿಂದ ಹೋಯಿತೆಂದು ತೀರ್ಪು ಕೊಟ್ಟು ನಮ್ಮನ್ನು ಕಳಿಸಿದ್ದರು. ಈ ಸಲ ಆಟ ನಮ್ಮ ಬಯಲಿನಲ್ಲಿ, ಹಗ್ಗವೂ ನಮ್ಮದು.

ಶ್ರಾವಣದ ದಿನಗಳು. ಹಿಂದಿನ ದಿನ ಜಿಟಿಜಿಟಿ ಮಳೆ ಬಿದ್ದು ಮಣ್ಣು ಕಾಲಿಗೆ ಅಂಟುತ್ತಿತ್ತು. ಆಳಂದದ ಹುಡುಗರು ಟೆಂಪೊದಿಂದ ಇಳಿಯುತ್ತಲೇ ಶುರು ಮಾಡಿದರು.

"ಏ, ಇದು ಮೈದಾನೋ, ಎಮ್ಮಿ ಬೀಳೋ ಹೊಂಡೋ?"

"ಎಮ್ಮಿ ಈಗ ಟೆಂಪೊದಾಗ ಬಂದಾವಲ್ಲಲೇ!" ಎಂದು ನಮ್ಮವರು ತಿರುಗಿ ಕೊಟ್ಟರು.

ಸೀಟಿ ಊದುವ ಮೊದಲು ಆಳಂದದ ಪಿ.ಟಿ. ಮಾಸ್ತರು ಒಂದು ಕಾಗದ ಹಿಡಿದು ಬೇವಿನ ಮರದ ಕೆಳಗಿನ ಟೇಬಲ್ಲಿಗೆ ಹೋದರು. ಅಲ್ಲಿ ಆಟಗಳ ಉಸ್ತುವಾರಿಗೆಂದು ತಾಲ್ಲೂಕಿನಿಂದ ಬಂದ ಸಾಹೇಬರು ಕೂತಿದ್ದರು. ಕಾಗದದಲ್ಲಿದ್ದದ್ದು ನನ್ನ ಮೇಲಿನ ತಕರಾರು. ಹದಿನೇಳು ತುಂಬಿದವರು ಆಡುವಂತಿಲ್ಲ, ಗೋಲು ಕಾಯುವ ಹುಡುಗನಿಗೆ ಅದು ತುಂಬಿದೆ, ರಜಿಸ್ಟರ್ ತರಿಸಿ ನೋಡಿ ಎಂದು ಬರೆದಿದ್ದರು. ರಜಿಸ್ಟರ್ ತರಿಸಿದರು. ಜೂನ್ ಒಂದನೇ ತಾರೀಖಿಗೆ ನನಗೆ ಹದಿನೇಳು ತುಂಬಿತ್ತು. ನಮ್ಮ ತಂಡದ ಒಂಬತ್ತು ಮಂದಿ ಜೂನ್ ಒಂದಕ್ಕೇ ಹುಟ್ಟಿದವರು. ತಾರೀಖು ಗೊತ್ತಿಲ್ಲದವರಿಗೆಲ್ಲ ಮಾಸ್ತರು ಅದನ್ನೇ ಬರೆಯುತ್ತಿದ್ದರು, ಅದನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ. ನನ್ನ ತೊಂದರೆ ಇದ್ದದ್ದು ಇಸವಿಯಲ್ಲಿ.

"ಸರ್, ನಂಗ ಹದಿನೈದೇ ಇರೋದು. ನಮ್ಮಪ್ಪನ್ನ ಕೇಳ್ರಿ" ಎಂದೆ.

ನಮ್ಮ ಮಾಸ್ತರು ಸೈಕಲ್ ಹತ್ತಿ ತಾವೇ ಹೋದರು. ಅಪ್ಪ ಅರ್ಧ ಹರದಾರಿ ದೂರದಲ್ಲಿ ಬೇರೆಯವರ ತೊಗರಿಯಲ್ಲಿ ಸಾಲುಗಳ ನಡುವಿನ ಕಳೆ ತೆಗೆಯಲು ಎಡೆ ಹೊಡೆಯುತ್ತಿದ್ದ. ಸೈಕಲ್ಲಿನ ಹಿಂದೆ ಕೂತು ಬಂದವನು ಮೊಣಕಾಲ ತನಕ ಕೆಸರಾಗಿದ್ದ. ತಲೆಯ ಟವೆಲ್ಲು ತೆಗೆದು ಹೆಗಲಿಗೆ ಹಾಕಿಕೊಂಡು ಟೇಬಲ್ಲಿನ ಮುಂದೆ ನಿಂತ. ಎರಡೂ ತಂಡದವರು ಸುತ್ತ ನೆರೆದಿದ್ದೆವು.

"ಇವ ನಿಮ್ಮ ಮಗ ಏನು?" ಸಾಹೇಬರು ಕೇಳಿದರು.

"ಹೌದ್ರಿ ಸಾಹೇಬ್ರ."

"ಯಾವಾಗ ಹುಟ್ಯಾನ?"

"ಬರದ ವರ್ಷರಿ. ಸರ್ಕಾರದವರು ಕೆಂಪು ಜ್ವಾಳ ಹಂಚಿದ್ರಲ್ರಿ, ಆಗ. ಇವರವ್ವ ಬಾಣಂತನದಾಗ ಅದರ ರೊಟ್ಟಿನೇ ತಿಂದಾಳ್ರಿ."

ಸಾಹೇಬರು ಬೆರಳು ಮಡಿಸಿ ಎಣಿಸಿದರು. "ಅಂದ್ರ ಹದಿನೈದು."

"ಮತ್ತ ರಜಿಸ್ಟರ್‌ದಾಗ ಎರಡು ವರ್ಷ ಹೆಚ್ಚಿಗಿ ಯಾರು ಬರಸಿದ್ರು?" ಆಳಂದದ ಮಾಸ್ತರು ಬಿಡಲಿಲ್ಲ.

"ನಾನೇ ಬರಸೀನ್ರಿ."

"ಯಾಕ?"

"ಉಪ್ಪಿಟ್ಟಿಗ್ರಿ."

ಎಲ್ಲರೂ ನಕ್ಕರು. ಆಳಂದದ ಮಾಸ್ತರೂ ನಕ್ಕರು. ಅಪ್ಪ ನಗಲಿಲ್ಲ. ಆ ಕಾಲದಲ್ಲಿ ಪ್ರಾಥಮಿಕ ಶಾಲೆಯಲ್ಲಿ ಮಧ್ಯಾಹ್ನ ಹಳದಿ ಉಪ್ಪಿಟ್ಟು ಕೊಡುತ್ತಿದ್ದರು. ಹೆಸರು ಹಚ್ಚಿ ಶಾಲೆಗೆ ಸೇರಿಸಿಕೊಂಡ ಮಕ್ಕಳಿಗೆ ಮಾತ್ರ ಅದು ಸಿಗುತ್ತಿತ್ತು. ಹೆಸರು ಹಚ್ಚಲು ಆರು ತುಂಬಿರಬೇಕು. ಆರು ತುಂಬಿದೆಯೋ ಇಲ್ಲವೋ ಎಂದು ತಿಳಿಯಲು ಮಾಸ್ತರು ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಲು ಹೇಳುತ್ತಿದ್ದರು. ನಾಲ್ಕು ವರ್ಷದ ನನ್ನ ಉದ್ದ ಕೈ ಕಿವಿಯ ಹತ್ತಿರದವರೆಗೆ ಹೋಯಿತು. ಹೋಗದೆ ಉಳಿದ ಒಂದು ಬೆರಳಷ್ಟನ್ನು ಅಪ್ಪ ಹಿಂದಿನಿಂದ ಮೊಣಕೈ ಒತ್ತಿ ಮುಟ್ಟಿಸಿದ್ದನಂತೆ. ಇದನ್ನು ಅವನೇ ಅಲ್ಲಿ ಎಲ್ಲರೆದುರು ನನ್ನ ಮೊಣಕೈ ಹಿಡಿದು ಮಾಡಿ ತೋರಿಸಿದ. ನನಗೆ ನಾಚಿಕೆಯಾಯಿತು. ಆದರೆ ನಾನು ಆಡುತ್ತೇನೆ ಎಂಬ ಧೈರ್ಯವೂ ಬಂತು.

ಸಾಹೇಬರು ಕೆಟ್ಟವರಲ್ಲ. ಒಂದು ಬಿಳಿ ಹಾಳೆ ತೆಗೆದರು. "ನೋಡ್ರಿ, ನೀವು ಹೇಳಿದ್ದನ್ನೇ ನಾನು ಇದರ ಮ್ಯಾಲ ಬರೀತೀನಿ. ನೀವು ಹೆಬ್ಬೆಟ್ಟು ಒತ್ರಿ. ಹುಡುಗ ಆಡ್ಲಿ. ಆದ್ರ ಈ ಕಾಗದ ನಾನು ಕಚೇರಿಗಿ ಕಳಿಸಬೇಕಾಗ್ತದ. ರಜಿಸ್ಟರ್ ಗಲತ್ ಅದ ಅಂದಂಗಾಯ್ತು."

"ಗಲತ್ ಅಂದ್ರ ಏನಾಗ್ತದ್ರಿ?" ಅಪ್ಪ ಕೇಳಿದ.

"ತಿದ್ದಬೇಕಾಗ್ತದ. ಕೋರ್ಟಿಗಿ ಹೋಗು ಅಂತಾರೋ ಏನೋ."

"ಅಲ್ಲೀತನಕ ಇವನ್ನ ಪರೀಕ್ಷಿಗಿ ಕೂಡಸ್ತಾರಿಲ್ರಿ? ಹತ್ತನೇದು."

ಸಾಹೇಬರು ನಮ್ಮ ಮಾಸ್ತರ ಮುಖ ನೋಡಿದರು. ನಮ್ಮ ಮಾಸ್ತರು ಆಳಂದದ ಮಾಸ್ತರ ಮುಖ ನೋಡಿದರು. ಮೂವರಲ್ಲಿ ಯಾರಿಗೂ ಗೊತ್ತಿರಲಿಲ್ಲ. "ಕೂಡಸಬಹುದು. ಹೇಳಾಕ ಬರಂಗಿಲ್ಲ" ಎಂದರು ಸಾಹೇಬರು.

ಅಪ್ಪ ಆ ಬಿಳಿ ಹಾಳೆಯನ್ನು ಸ್ವಲ್ಪ ಹೊತ್ತು ನೋಡಿದ. ಅದರಲ್ಲಿ ಇನ್ನೂ ಏನೂ ಬರೆದಿರಲಿಲ್ಲ, ಬರೆದಿದ್ದರೂ ಅವನಿಗೆ ಓದಲು ಬರುತ್ತಿರಲಿಲ್ಲ. ಆಮೇಲೆ ಹೇಳಿದ: "ಹಂಗಾದ್ರ ರಜಿಸ್ಟರ್‌ದಾಗ ಇದ್ದದ್ದೇ ಖರೇ ಇರ್ಲಿರಿ. ನಂದೇ ನೆನಪು ತಪ್ಯಾದ."

"ಅಪ್ಪಾ, ಈಗ ಕೆಂಪು ಜ್ವಾಳ ಅಂದ್ಯಲ್ಲ!" ಎಂದು ಕೂಗಿದೆ.

"ಸುಮ್ಕಿರಲೇ. ಅದು ನಿಮ್ಮ ಅಣ್ಣ ಹುಟ್ಟಿದಾಗ."

ಅಣ್ಣ ನನಗಿಂತ ಆರು ವರ್ಷ ದೊಡ್ಡವನು. ಅದು ಅಲ್ಲಿದ್ದ ನಮ್ಮೂರವರಿಗೆಲ್ಲ ಗೊತ್ತಿತ್ತು. ಸಾಹೇಬರು ಹಾಳೆಯನ್ನು ಫೈಲಿನೊಳಗೆ ಇಟ್ಟರು. ಆಳಂದದ ಮಾಸ್ತರು ಮೂರನೆಯ ಶಾಲೆಯ ಜೊತೆ ನಾನು ಆಡಿದ್ದ ಆಟವನ್ನು ಕೆದಕುವುದಿಲ್ಲ, ಇವತ್ತು ಹುಡುಗ ಇಳಿಯದಿದ್ದರೆ ಸಾಕು ಎಂದರು. ನಾನು ಅಂಗಿ ಬಿಚ್ಚಿ ಕಿರಾಣಿ ಅಂಗಡಿಯವರ ಮಗನಿಗೆ ಕೊಟ್ಟೆ. ಅವನು ತಂಡದಲ್ಲಿ ಹನ್ನೊಂದು ಮಂದಿಯಾಚೆ ಹೆಚ್ಚಿಗೆ ಇದ್ದವನು, ಗೋಲಿನಲ್ಲಿ ಒಮ್ಮೆಯೂ ನಿಂತಿರಲಿಲ್ಲ. ಅಂಗಿ ಅವನ ಹೊಟ್ಟೆಯ ಮೇಲೆ ನಿಲ್ಲದೆ ಮೇಲೇರುತ್ತಿತ್ತು. "ಕೈ ಮುಂದ ಇಡು, ಚೆಂಡಿಗಿ ಹೆದರಬ್ಯಾಡ" ಎಂದಷ್ಟೇ ಹೇಳಿದೆ. ಅಪ್ಪ ನನ್ನ ಕಡೆ ನೋಡದೆ ನಡೆದುಕೊಂಡೇ ಹೊಲಕ್ಕೆ ಹೋದ. ಎತ್ತುಗಳನ್ನು ನೊಗದಲ್ಲೇ ಬಿಟ್ಟು ಬಂದಿದ್ದ.

ಆಟವನ್ನು ನಾನು ಗೆರೆಯ ಹೊರಗೆ ಕೂತು ನೋಡಿದೆ. ಅವರಿಗೆ ಕ್ಯಾನ್ವಾಸ್ ಬೂಟುಗಳು, ನಮ್ಮವರದು ಬರಿಗಾಲು. ಅರ್ಧ ಆಟದ ಹೊತ್ತಿಗೆ ಅವರ ಬೂಟಿಗೆ ಮಣ್ಣು ಮೆತ್ತಿ ಕಾಲು ಎತ್ತಲು ತ್ರಾಸಾಗುತ್ತಿತ್ತು. ಮೊದಲ ಗೋಲು ಅವರು ಹೊಡೆದರು. ನಾನಿದ್ದರೆ ಅದನ್ನು ತಡೆಯುತ್ತಿದ್ದೆ, ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಆಮೇಲೆ ನಮ್ಮವರು ಎರಡು ಹೊಡೆದರು. ಕೊನೆಯ ಹತ್ತು ನಿಮಿಷ ಆಳಂದದವರು ಸಮ ಮಾಡಿಕೊಂಡರೂ ಸಾಕೆಂದು ಹನ್ನೊಂದೂ ಮಂದಿ ನಮ್ಮ ಗೋಲಿನ ಮುಂದೆ ಬಂದು ನಿಂತರು. ಕಿರಾಣಿಯವನು ಒಂದು ಚೆಂಡನ್ನು ಎದೆಯಿಂದ, ಒಂದನ್ನು ಮುಖದಿಂದ ತಡೆದ. ಮುಖದಿಂದ ತಡೆದದ್ದು ಬೇಕೆಂದು ಮಾಡಿದ್ದಲ್ಲ. ಮೂಗಿನಿಂದ ರಕ್ತ ಬರುತ್ತಿರುವಾಗಲೇ ಆಟ ಮುಗಿದ ಸೀಟಿ ಊದಿದರು. ಎರಡು-ಒಂದು. ಎಲ್ಲರೂ ಅವನನ್ನು ಎತ್ತಿ ಕುಣಿದರು. ನಾನೂ ಒಂದು ಕಾಲು ಹಿಡಿದಿದ್ದೆ.

ತಂಡ ಗುಲಬರ್ಗಾಕ್ಕೆ ಹೋಗಿ ಮೊದಲ ಆಟದಲ್ಲೇ ಐದು ಗೋಲು ತಿಂದು ಬಂತು. ಆದರೂ ಹೋದವರಿಗೆಲ್ಲ ಸರ್ಟಿಫಿಕೇಟ್ ಸಿಕ್ಕಿತು. ಕಿರಾಣಿಯವನು ಅದಕ್ಕೆ ಗಾಜು ಹಾಕಿಸಿ ಅಂಗಡಿಯಲ್ಲಿ ಬೆಲ್ಲದ ಡಬ್ಬಿಗಳ ಮೇಲೆ ತೂಗುಹಾಕಿದ. ಅವನು ಕಾಲೇಜಿಗೆ ಹೋಗಲಿಲ್ಲ, ಅವನಿಗೆ ಅದರ ಅಗತ್ಯವೂ ಇರಲಿಲ್ಲ. ಎರಡು ತಿಂಗಳು ನಾನು ಅಪ್ಪನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅವನು ಅದನ್ನು ಗಮನಿಸಿದಂತೆ ತೋರಿಸಿಕೊಳ್ಳಲಿಲ್ಲ.

ಹತ್ತನೇ ಪರೀಕ್ಷೆಗೆ ಕೂತೆ, ಸೆಕೆಂಡ್ ಕ್ಲಾಸಿನಲ್ಲಿ ಪಾಸಾದೆ. ಗುಲಬರ್ಗಾ ಸಿಗಲಿಲ್ಲ. ಅಫಜಲಪುರದಲ್ಲಿ ಸೋದರತ್ತೆಯ ಮನೆಯ ಪಡಸಾಲೆಯಲ್ಲಿ ಮಲಗಿ, ಬೆಳಗ್ಗೆ ಅವರ ದನ ನೋಡಿಕೊಂಡು, ಆಮೇಲೆ ಕಾಲೇಜಿಗೆ ಹೋಗಿ ಪಿಯುಸಿ ಮುಗಿಸಿದೆ. ಬಿ.ಎ. ಮುಗಿಸಲು ಐದು ವರ್ಷ ಬೇಕಾಯಿತು, ನಡುವೆ ಒಂದು ವರ್ಷ ಜೇವರ್ಗಿಯಲ್ಲಿ ಹಮಾಲಿ ಮಾಡಿದೆ. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವರಲ್ಲಿ ನಾನೇ ಮೊದಲಿಗ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಆಮೇಲೆ ಶಿಕ್ಷಣ ಇಲಾಖೆಯ ಕಚೇರಿಯಲ್ಲಿ ಗುಮಾಸ್ತನಾದೆ. ನನ್ನ ಟೇಬಲ್ಲಿಗೆ ಬಂದದ್ದು ಹುಟ್ಟಿದ ತಾರೀಖಿನ ತಿದ್ದುಪಡಿ ಅರ್ಜಿಗಳು. ನಿಯಮಗಳನ್ನು ಓದುತ್ತ ಹೋದಾಗ ತಿಳಿಯಿತು: ಅಂಥ ಕಾಗದದಿಂದ ಯಾವ ಹುಡುಗನ ಪರೀಕ್ಷೆಯೂ ನಿಲ್ಲುತ್ತಿರಲಿಲ್ಲ. ಆ ಹಾಳೆ ಯಾವುದೋ ಕಪಾಟಿನಲ್ಲಿ ಬಿದ್ದಿರುತ್ತಿತ್ತು, ನಾನು ಆಡುತ್ತಿದ್ದೆ, ಪರೀಕ್ಷೆಯನ್ನೂ ಬರೆಯುತ್ತಿದ್ದೆ.

ಊರಿಗೆ ಹೋದಾಗ ಇದನ್ನು ಅಪ್ಪನಿಗೆ ಹೇಳಿದೆ. ಅಂಗಳದಲ್ಲಿ ಕೂತು ಪುಂಡಿ ನಾರಿನ ಹಗ್ಗ ಹೊಸೆಯುತ್ತಿದ್ದ.

"ಆ ಸಾಹೇಬಗ ಇದು ಗೊತ್ತಿತ್ತೇನು ಅವತ್ತು?" ಎಂದ.

"ಇರ್ಲಿಲ್ಲ."

"ನಿಮ್ಮ ಮಾಸ್ತರಗ?"

"ಅವರಿಗೂ ಇರ್ಲಿಲ್ಲ."

"ಮತ್ತ ಎತ್ತು ಹೊಡಿಯೋ ನನಗ ಹ್ಯಾಂಗ ಗೊತ್ತಾಗಬೇಕಿತ್ತೋ? ಆ ತುದಿ ಹಿಡಿ, ಎಳಿ."

ಎಳೆದೆ.

ಈಗ ನನ್ನ ಟೇಬಲ್ಲಿನ ಮುಂದೆ ಯಾರಾದರೂ ಅಪ್ಪ ಮಗನನ್ನು ಕರೆದುಕೊಂಡು ಬಂದು ನಿಂತರೆ, ನಾನು ಕೂಡಲೇ ವಯಸ್ಸು ಕೇಳುವುದಿಲ್ಲ. ಮೊದಲು ಕುರ್ಚಿ ತೋರಿಸುತ್ತೇನೆ. ಏನು ಹೇಳಿದರೆ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನು ನಿಯಮದ ಪುಸ್ತಕದಿಂದ ಎರಡು ಸಲ ಓದಿ ಹೇಳುತ್ತೇನೆ. ಪ್ರಶ್ನೆಗಳು ಆಮೇಲೆ.